ಕಾಲೇಜಿನಿಂದ ಪತ್ರ ಬಂತು ಅಂದರೆ ಸೀಟು ಸಿಕ್ಕಂತೆಯೇ?

ಪ್ರಶ್ನೆ: ಸರ್, ನಾವು ದಾವಣಗೆರೆ ಕಡೆಯವರು. ಸುಮಾರು ವರ್ಷಗಳಿಂದ ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿದ್ದೇವೆ. ಮಗ ಈಗ ಹತ್ತನೇ ಗ್ರೇಡ್. ಶಾಲೆಯ ವಾರ್ಸಿಟಿ, ಅಂದರೆ ಮುಖ್ಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಪಾಯಿಂಟ್ ಗಾರ್ಡ್, ಚೆಂಡು ನಡೆಸಿ ಆಟ ಕಟ್ಟುವವನು. ಆರಡಿ ಒಂದಿಂಚು ಎತ್ತರ, ಪಂದ್ಯಕ್ಕೆ ಸರಾಸರಿ 16 ಪಾಯಿಂಟ್, ಓದಿನ ಸರಾಸರಿ ಅಂಕ (ಜಿಪಿಎ) 3.8. ಎರಡು ಡಿವಿಷನ್ 1 (ಕಾಲೇಜು ಆಟದ ಅತಿ ಮೇಲಿನ ಮಟ್ಟ) ಕಾಲೇಜುಗಳಿಂದ ಅವನ ಹೆಸರಿಗೇ ಪತ್ರ ಬಂದಿದೆ. ಒಂದರಲ್ಲಿ ಫಾರ್ಮ್ ತುಂಬಿಸಿ ಅಂದಿದ್ದಾರೆ, ಇನ್ನೊಂದರಲ್ಲಿ ಬೇಸಿಗೆ ಕ್ಯಾಂಪಿಗೆ ಕರೆದಿದ್ದಾರೆ. ಒಂದು ಏಜೆನ್ಸಿಯವರು 4,000 ಡಾಲರ್ ಕೊಟ್ಟರೆ ಸ್ಕಾಲರ್‌ಶಿಪ್ ಗ್ಯಾರಂಟಿ ಅನ್ನುತ್ತಾರೆ. ಶಾಲೆಯ ಹೊರಗೆ ಆಡುವ ಎಎಯು ಕ್ಲಬ್ ತಂಡದ ಕೋಚ್ ನೋಡಿದರೆ, ಪ್ರೆಪ್ ಸ್ಕೂಲಿಗೆ (ಕಾಲೇಜಿಗೆ ತಯಾರು ಮಾಡುವ ಖಾಸಗಿ ಶಾಲೆ) ಸೇರಿಸಿ ಹತ್ತನೇ ಗ್ರೇಡನ್ನೇ ಇನ್ನೊಮ್ಮೆ ಮಾಡಿಸಿ ಅನ್ನುತ್ತಾರೆ. ಮನೆಯವಳಿಗೆ ಓದು ಹಾಳಾಗುತ್ತದೆ ಅನ್ನೋ ಭಯ. ನಾನು ಎಚ್-1ಬಿ ಕೆಲಸದ ವೀಸಾದಲ್ಲಿ, ಮಗ ಕುಟುಂಬದವರಿಗೆ ಕೊಡುವ ಎಚ್-4 ವೀಸಾದಲ್ಲಿ ಇದ್ದೇವೆ. ಗ್ರೀನ್ ಕಾರ್ಡ್ ಸದ್ಯಕ್ಕಂತೂ ಬರೋದಿಲ್ಲ. ನಾನೂ ಒಂದು ಕಾಲಕ್ಕೆ ಯೂನಿವರ್ಸಿಟಿ ತಂಡಕ್ಕೆ ಆಡಿದವನು. ಹುಡುಗನಲ್ಲಿ ಆಟ ಇದೆ ಅಂತ ನನಗೆ ಕಾಣುತ್ತದೆ. ಇಲ್ಲಿಯ ಲೆಕ್ಕವೇ ಅರ್ಥವಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಹುಡುಗ ಯಾವ ಮಟ್ಟದ ಆಟಗಾರ, ಯಾರ ಮಾತು ನಂಬಬೇಕು, ಓದು ಮತ್ತು ವೀಸಾ ಕಥೆ ಏನು. ಮೊದಲು ಪತ್ರಗಳ ವಿಷಯ ಮುಗಿಸೋಣ. ಅಲ್ಲೇ ಹೆಚ್ಚಿನ ಅಪ್ಪ ಅಮ್ಮಂದಿರು ದಾರಿ ತಪ್ಪೋದು.

ಅಮೆರಿಕದ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ನಿಯಮದ ಪ್ರಕಾರ ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ ಡಿವಿಷನ್ 1 ಕೋಚ್ ಒಬ್ಬ ಹುಡುಗನಿಗೆ ಫೋನ್, ಮೆಸೇಜ್, ಸ್ವಂತ ಪತ್ರ ಶುರು ಮಾಡಬಹುದಾದದ್ದು ಅವನ ಹತ್ತನೇ ಗ್ರೇಡ್ ಮುಗಿದ ಮೇಲೆ, ಜೂನ್ 15ರಿಂದ. ಅದಕ್ಕೂ ಮುಂಚೆ ಕಳಿಸಬಹುದಾದದ್ದು ಕ್ಯಾಂಪಿನ ಕರಪತ್ರ, ಮಾಹಿತಿ ಕೇಳುವ ಫಾರ್ಮ್, ಕಾಲೇಜಿನ ಸಾಮಾನ್ಯ ಪ್ರಚಾರದ ಕಾಗದ, ಇಷ್ಟೇ. ನಿಮಗೆ ಬಂದಿರುವುದೂ ಇವೇ. ನಾನು ಸಣ್ಣ ಕಾಲೇಜೊಂದರಲ್ಲಿ ಸಹಾಯಕ ಕೋಚ್ ಆಗಿದ್ದಾಗ ಇಂಥ ಪತ್ರಗಳನ್ನು ಕಂತೆ ಕಂತೆ ಕಳಿಸಿದ್ದೇನೆ. ಹೆಸರಿನ ಪಟ್ಟಿ ಕಂಪ್ಯೂಟರಿನಲ್ಲಿ ಇರುತ್ತದೆ, ಪ್ರಿಂಟರ್ ಪ್ರತಿಯೊಬ್ಬರ ಹೆಸರು ಹಾಕಿ ಹೊರಗೆ ಬಿಡುತ್ತದೆ. ಆ ಪಟ್ಟಿಯಲ್ಲಿದ್ದ ಬಹುಪಾಲು ಹುಡುಗರ ಆಟ ನಮ್ಮಲ್ಲಿ ಯಾರೂ ನೋಡಿರುತ್ತಿರಲಿಲ್ಲ. ಬೇಸಿಗೆ ಕ್ಯಾಂಪಿನ ಫೀಸು ಎಷ್ಟೋ ಕಡೆ ಸಹಾಯಕ ಕೋಚ್‌ಗಳ ಸಂಬಳಕ್ಕೆ ಸೇರುತ್ತದೆ, ಅದೂ ತಿಳಿದಿರಲಿ.

ಹಾಗಂತ ಪತ್ರವನ್ನು ಕಸದ ಬುಟ್ಟಿಗೆ ಹಾಕಬೇಕಿಲ್ಲ. ಫಾರ್ಮ್ ತುಂಬಿ ಕಳಿಸಲಿ. ಖರ್ಚಿಲ್ಲ, ಅವನ ಹೆಸರು ಪಟ್ಟಿಯಲ್ಲಿರುತ್ತದೆ. ಕ್ಯಾಂಪಿಗೆ ಮಾತ್ರ, ಆ ಕಾಲೇಜಿನ ಯಾರಾದರೂ ಅವನ ಆಟ ನೋಡಿದ್ದಾರೆ ಅಂತ ಖಚಿತವಾದರೆ ಹೋಗಿ. ಅವನ ಶಾಲೆಯ ಕೋಚ್ ಅಲ್ಲಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ.

ಈಗ ನಿಮ್ಮ ಲೆಕ್ಕದ ಪ್ರಶ್ನೆ. ನಮ್ಮೂರಲ್ಲಿ ಆಟದಿಂದ ಸೀಟು ಅಂದರೆ ನಮಗೆ ನೆನಪಾಗೋದು ಸ್ಪೋರ್ಟ್ಸ್ ಕೋಟಾ. ಸಿಇಟಿಗೆ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟ್ ತೋರಿಸಬೇಕು, ಪರಿಶೀಲನೆ ಆಗುತ್ತದೆ, ಅರ್ಹತೆ ಪ್ರಕಾರ ಸಾಲಿನಲ್ಲಿ ನಿಲ್ಲುತ್ತೀರಿ. ಅಮೆರಿಕದ ಕಾಲೇಜು ಆಟದಲ್ಲಿ ಇಂಥ ಸಾಲೇ ಇಲ್ಲ. ನಿಮ್ಮ ಮಗನಿಗಿಂತ ಕಡಿಮೆ ಪಾಯಿಂಟ್ ಹೊಡೆಯುವವನಿಗೆ ಸ್ಕಾಲರ್‌ಶಿಪ್ ಸಿಗಬಹುದು, ಇವನಿಗೆ ಒಂದು ಫೋನೂ ಬರದಿರಬಹುದು. ಅದರಲ್ಲಿ ಅನ್ಯಾಯ ಹುಡುಕಿ ಪ್ರಯೋಜನವಿಲ್ಲ. ಕೋಚ್ ತನ್ನ ತಂಡದಲ್ಲಿ ಎಲ್ಲಿ ಜಾಗ ಖಾಲಿ ಇದೆಯೋ ಅದನ್ನು ತುಂಬಿಸುತ್ತಾನೆ. ಮುಂದಿನ ವರ್ಷ ಇಬ್ಬರು ಗಾರ್ಡ್‌ಗಳು ಹೊರಟರೆ ಗಾರ್ಡ್ ಬೇಕು. ಮೂವರು ಇದ್ದೇ ಇದ್ದರೆ ಎಷ್ಟೇ ಚೆನ್ನಾಗಿ ಆಡುವ ಗಾರ್ಡ್ ಬಂದರೂ "ನೋಡೋಣ" ಅಂತಾನೆ.

ನೀವಿರುವ ರಾಜ್ಯದ್ದೇ ಒಂದು ಉದಾಹರಣೆ ಇದೆ. ಮೈಕೆಲ್ ಜೋರ್ಡನ್‌ನನ್ನು ಹೈಸ್ಕೂಲ್ ತಂಡದಿಂದ ಹೊರಗೆ ಹಾಕಿದ್ದರಂತೆ ಅನ್ನೋ ಕಥೆ ನೀವೂ ಮಗನಿಗೆ ಹೇಳಿರುತ್ತೀರಿ, ಅಲ್ವಾ? ನಡೆದದ್ದು ಸ್ವಲ್ಪ ಬೇರೆ. 1978ರಲ್ಲಿ ವಿಲ್ಮಿಂಗ್ಟನ್‌ನ ಲೇನಿ ಹೈಸ್ಕೂಲಿನಲ್ಲಿ ಹತ್ತನೇ ಗ್ರೇಡಿನ ಜೋರ್ಡನ್‌ನನ್ನು ವಾರ್ಸಿಟಿ ಬದಲು ಅದರ ಕೆಳಗಿನ ಜೂನಿಯರ್ ವಾರ್ಸಿಟಿ ತಂಡಕ್ಕೆ ಹಾಕಿದರು. ಆಗ ಅವನ ಎತ್ತರ ಸುಮಾರು ಐದಡಿ ಹತ್ತಿಂಚು. ಆ ವರ್ಷ ಅವನದೇ ಗ್ರೇಡಿನಿಂದ ವಾರ್ಸಿಟಿಗೆ ಹೋದವನು ಲೆರಾಯ್ ಸ್ಮಿತ್, ಆರೂವರೆ ಅಡಿ ದಾಟಿದ ಹುಡುಗ. ತಂಡದಲ್ಲಿ ಅನುಭವದ ಗಾರ್ಡ್‌ಗಳಿದ್ದರು, ಎತ್ತರದವರ ಕೊರತೆ ಇತ್ತು. ಇಷ್ಟೇ ವಿಷಯ. ಜನ ಇದನ್ನು ಛಲದ ಕಥೆ ಮಾಡಿದರು. ನನಗೆ ಇದರಲ್ಲಿ ಕಾಣೋದು ಕೋಚ್ ಲೆಕ್ಕ ಹಾಕುವ ರೀತಿ.

ಹಾಗಾಗಿ "ನನ್ನ ಮಗ ಎಷ್ಟು ಚೆನ್ನಾಗಿ ಆಡುತ್ತಾನೆ" ಅನ್ನುವ ಪ್ರಶ್ನೆ ಸ್ವಲ್ಪ ಪಕ್ಕಕ್ಕಿಡಿ. ಯಾವ ಕೋಚ್‌ಗೆ ಇವನಂಥವನು ಬೇಕಾಗಿದ್ದಾನೆ? ಅದನ್ನು ಹುಡುಕಿ. ಕೆಲಸ ಅಲ್ಲಿಂದ ಶುರು.

ಪೈಪೋಟಿ ಎಷ್ಟಿದೆ ಅಂದರೆ, ಅಮೆರಿಕದಲ್ಲಿ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗರು ಸುಮಾರು 5 ಲಕ್ಷ 40 ಸಾವಿರ. ಎನ್‌ಸಿಎಎಯ ಯಾವುದಾದರೂ ಒಂದು ಮಟ್ಟಕ್ಕೆ ತಲುಪುವವರು ನೂರಕ್ಕೆ ಮೂರೂವರೆ. ಡಿವಿಷನ್ 1 ಮುಟ್ಟುವವರು ನೂರಕ್ಕೆ ಒಬ್ಬ. ಇದು ಹಳೆಯ ಕಥೆ. ಈಗ ಅದರ ಮೇಲೆ ಇನ್ನೆರಡು ಬದಲಾವಣೆ ಬಂದಿವೆ, ಇವುಗಳ ಬಗ್ಗೆ ನಿಮ್ಮ ಎಎಯು ಕೋಚ್ ಹೇಳಿರಲಿಕ್ಕಿಲ್ಲ.

ಒಂದು ಟ್ರಾನ್ಸ್‌ಫರ್ ಪೋರ್ಟಲ್, ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಹಾಕುವ ಪಟ್ಟಿ. 2018ರಲ್ಲಿ ಶುರುವಾಯಿತು. ಮೊದಲೆಲ್ಲ ಕಾಲೇಜು ಬದಲಿಸಿದರೆ ಒಂದು ವರ್ಷ ಸುಮ್ನೆ ಕೂರಬೇಕಿತ್ತು. 2021ರಲ್ಲಿ ಒಂದು ಸಲಕ್ಕೆ ಆ ನಿಯಮ ಸಡಿಲವಾಯಿತು. 2024ರಿಂದ ಓದಿನಲ್ಲಿ ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಿ ಕೂಡಲೇ ಆಡಬಹುದು. ಪ್ರತಿ ವಸಂತದಲ್ಲಿ ಸಾವಿರಗಟ್ಟಲೆ ಆಟಗಾರರು ಪೋರ್ಟಲ್‌ಗೆ ಇಳಿಯುತ್ತಾರೆ. ಈಗ ಕೋಚ್‌ನ ಜಾಗದಲ್ಲಿ ನಿಂತು ನೋಡಿ. ಒಂದು ಕಡೆ ಹದಿನೇಳರ ಹುಡುಗ, ಇನ್ನೂ ಮೈ ತುಂಬಿಲ್ಲ. ಇನ್ನೊಂದು ಕಡೆ ಇಪ್ಪತ್ತೊಂದರ ಗಾರ್ಡ್, ಎರಡು ವರ್ಷ ಕಾಲೇಜು ಆಟ ಆಡಿ ಪಳಗಿದವನು. ಗೆಲ್ಲದಿದ್ದರೆ ಕೋಚ್‌ನ ಕೆಲಸ ಹೋಗುತ್ತದೆ. ಯಾರನ್ನು ತಗೋತಾನೆ? ಹೈಸ್ಕೂಲ್ ಹುಡುಗರಿಗೆ ಆಫರ್ ತಡವಾಗುತ್ತಿರುವುದಕ್ಕೂ ಕಡಿಮೆಯಾಗುತ್ತಿರುವುದಕ್ಕೂ ದೊಡ್ಡ ಕಾರಣ ಇದೇ.

ಇನ್ನೊಂದು, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಮೊಕದ್ದಮೆಯ ಒಪ್ಪಂದ, 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ್ದು. ಇದಕ್ಕೆ ಸೇರಿದ ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಹಂಚಬಹುದು. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ, ಎಲ್ಲ ಆಟಗಳೂ ಸೇರಿ, ಸುಮಾರು 2 ಕೋಟಿ 5 ಲಕ್ಷ ಡಾಲರ್. ಅಂಥ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ 15 ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಮೊದಲು 13 ಸ್ಕಾಲರ್‌ಶಿಪ್ ಇತ್ತು, ಅದರ ಮೇಲೆ ದುಡ್ಡಿಲ್ಲದೆ ಆಡುವ ವಾಕ್-ಆನ್ ಹುಡುಗರನ್ನು ಕೋಚ್ ಬೇಕಾದಷ್ಟು ಇಟ್ಟುಕೊಳ್ಳುತ್ತಿದ್ದ. ಆ ಬಾಗಿಲು ಈಗ ಕಿರಿದಾಗಿದೆ. ನಿಮ್ಮ ಮನೆಯಿಂದ ಡ್ಯೂಕ್, ಚಾಪೆಲ್ ಹಿಲ್, ಎನ್‌ಸಿ ಸ್ಟೇಟ್ ಮೂರೂ ಕಾರಿನಲ್ಲಿ ಹತ್ತಿರವೇ. ಹತ್ತಿರ ಇದ್ದರೆ ಆಸೆ ಜಾಸ್ತಿ. ಆದರೆ "ವಾಕ್-ಆನ್ ಆಗಿಯಾದರೂ ಸೇರಿಬಿಡಲಿ" ಅನ್ನುವ ಯೋಜನೆಯ ಮೇಲೆ ಮನೆ ಕಟ್ಟಬೇಡಿ.

ಎನ್‌ಬಿಎ (ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್) ತಾರೆ ಸ್ಟೀಫನ್ ಕರಿ ಕಥೆ ಹೇಳಿ ನನ್ನ ಬಾಯಿ ಮುಚ್ಚಿಸೋರೂ ಇದ್ದಾರೆ. ಹೌದು, ಶಾರ್ಲಟ್‌ನ ಆ ಹುಡುಗನಿಗೆ ದೊಡ್ಡ ಕಾಲೇಜುಗಳು ಸ್ಕಾಲರ್‌ಶಿಪ್ ಕೊಡಲಿಲ್ಲ. ಡೇವಿಡ್‌ಸನ್ ಕೊಟ್ಟಿತು, 2008ರಲ್ಲಿ ಆ ಪುಟ್ಟ ಕಾಲೇಜು ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ತನಕ ಹೋಯಿತು. ಇದರಿಂದ ನೀವು ತಗೋಬೇಕಾದದ್ದು "ನನ್ನ ಮಗನೂ ಕರಿ ಆಗಬಹುದು" ಅನ್ನೋದನ್ನಲ್ಲ. ಡೇವಿಡ್‌ಸನ್‌ನ ಕೋಚ್‌ಗೆ ಅಂಥವನು ಬೇಕಿತ್ತು, ಅವರು ಬಂದು ನೋಡಿದರು. ಅಷ್ಟು ಸಾಕು.

ನಿಮ್ಮ ಮಗನ ಮಟ್ಟ ಯಾವುದು ಅಂತ ವಿಡಿಯೋ ಸಹ ನೋಡದೆ ನಾನು ಹೇಳೋದಿಲ್ಲ. 16 ಪಾಯಿಂಟ್ ಅನ್ನೋದು ಎದುರಾಳಿ ಯಾರು ಅನ್ನೋದರ ಮೇಲೆ ನಿಂತಿದೆ. ಹೇಳಬಲ್ಲವರು ಇಬ್ಬರು. ಒಬ್ಬರು ಶಾಲೆಯ ಕೋಚ್. ಮಗನನ್ನು ಹೊರಗೆ ಕೂರಿಸಿ ಒಬ್ಬರೇ ಹೋಗಿ ಕೇಳಿ, ಬೇಜಾರು ಮಾಡಿಕೊಳ್ಳೋದಿಲ್ಲ ಅಂತ ಮೊದಲೇ ಹೇಳಿ. ಇನ್ನೊಬ್ಬರು, ಮಗನ ವಿರುದ್ಧ ಆಡಿದ ತಂಡದ ಕೋಚ್. ಇವರ ಮಾತಿನಲ್ಲಿ ದಾಕ್ಷಿಣ್ಯ ಇರೋದಿಲ್ಲ. ಆರಡಿ ಒಂದಿಂಚಿನ ಪಾಯಿಂಟ್ ಗಾರ್ಡ್‌ಗೆ ಎತ್ತರ ಅಡ್ಡಿ ಆಗೋದಿಲ್ಲ, ಆದರೆ ಎತ್ತರ ಅವನನ್ನು ಕಾಪಾಡೋದೂ ಇಲ್ಲ. ಒತ್ತಡದಲ್ಲಿ ಚೆಂಡು ಕಳೆದುಕೊಳ್ಳದಿರುವುದು, ತನಗಿಂತ ವೇಗದವನನ್ನು ತಡೆಯುವುದು, ದೂರದ ಶಾಟ್. ಕೋಚ್‌ಗಳು ನೋಡೋದು ಇದನ್ನು. ತಪ್ಪಾದಾಗ ಸಹ ಆಟಗಾರರ ಕಡೆ ಕೈ ಬೀಸುತ್ತಾನಾ, ಬೆಂಚಿನಲ್ಲಿ ಕೂತಾಗ ಮುಖ ಹೇಗಿರುತ್ತದೆ, ಅದನ್ನೂ ಬರೆದುಕೊಳ್ಳುತ್ತಾರೆ. ಗ್ಯಾಲರಿಯಲ್ಲಿ ಅಪ್ಪ ಕೂಗಾಡುತ್ತಾರಾ ಅನ್ನೋದನ್ನು ನಾವು ನೋಡುತ್ತಿದ್ದೆವು. ಸುಳ್ಳಲ್ಲ.

ಏಜೆನ್ಸಿ ವಿಷಯ ಬೇಗ ಮುಗಿಸುತ್ತೇನೆ. ಸ್ಕಾಲರ್‌ಶಿಪ್ ಗ್ಯಾರಂಟಿ ಕೊಡುವ ಶಕ್ತಿ ಕಾಲೇಜಿನ ಹೊರಗಿರುವ ಯಾರಿಗೂ ಇಲ್ಲ. ಸ್ಕಾಲರ್‌ಶಿಪ್ ಸಿಕ್ಕರೆ ಇಷ್ಟು ಕೊಡಿ ಅಂತ ಫೀಸನ್ನು ಅದಕ್ಕೆ ಕಟ್ಟಿಹಾಕಿದರೆ ಎನ್‌ಸಿಎಎ ನಿಯಮವೇ ಮುರಿದಂತೆ, ಪೆಟ್ಟು ಬೀಳೋದು ಹುಡುಗನಿಗೆ. ಪ್ರಾಮಾಣಿಕವಾಗಿ ಕೆಲಸ ಮಾಡುವ ಸಂಸ್ಥೆಗಳೂ ಇವೆ. ಅವರು ಮಾಡೋದು ವಿಡಿಯೋ ಜೋಡಿಸಿ, ಕೋಚ್‌ಗಳ ಈಮೇಲ್ ಪಟ್ಟಿ ಕೊಟ್ಟು, ಯಾವಾಗ ಏನು ಕಳಿಸಬೇಕು ಅಂತ ನೆನಪಿಸೋದು. ಅದನ್ನು ನೀವೇ ಮಾಡಬಹುದು. ಕೋಚ್‌ಗಳ ಈಮೇಲ್ ಪ್ರತಿ ಕಾಲೇಜಿನ ಕ್ರೀಡಾ ವೆಬ್‌ಸೈಟಿನಲ್ಲೇ ಇರುತ್ತದೆ. ಮೂರ್ನಾಲ್ಕು ನಿಮಿಷದ ಒಂದು ತುಣುಕು, ಒಳ್ಳೆಯ ಆಟ ಮೊದಲ ಅರ್ಧ ನಿಮಿಷದಲ್ಲೇ ಬರಬೇಕು. ಅದರ ಜೊತೆ ಎರಡು ಪೂರ್ತಿ ಪಂದ್ಯ, ಒಂದು ಬಲವಾದ ತಂಡದ ವಿರುದ್ಧ ಸೋತದ್ದಾದರೂ ಸರಿ. ಈಮೇಲ್ ಬರೆಯಬೇಕಾದವನು ಮಗ. ಅಪ್ಪ ಬರೆದ ಈಮೇಲ್ ಎರಡನೇ ಸಾಲಿಗೇ ಗೊತ್ತಾಗುತ್ತದೆ, "ನನ್ನ ಮಗ ಬಹಳ ಶ್ರಮಜೀವಿ" ಅಂತ ಇರುತ್ತದೆ.

ಹತ್ತನೇ ಗ್ರೇಡ್ ಇನ್ನೊಮ್ಮೆ ಮಾಡಿಸುವ ಸಲಹೆಗೆ ನನ್ನ ಉತ್ತರ, ಬೇಡ. ಒಂಬತ್ತನೇ ಗ್ರೇಡ್ ಶುರುವಾದ ದಿನದಿಂದ ಡಿವಿಷನ್ 1ರ ಗಡಿಯಾರ ಓಡುತ್ತದೆ. ನಾಲ್ಕು ವರ್ಷದೊಳಗೆ 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳು) ಮುಗಿಸಬೇಕು. ಐದನೇ ವರ್ಷದಲ್ಲಿ ಮಾಡಿದ್ದರಲ್ಲಿ ಒಂದೇ ಒಂದು ಕೋರ್ಸ್ ಲೆಕ್ಕಕ್ಕೆ ಬರುತ್ತದೆ, ಅದೂ ಸಮಯಕ್ಕೆ ಸರಿಯಾಗಿ ಹೈಸ್ಕೂಲ್ ಮುಗಿಸಿದವರಿಗೆ. ನಾರ್ತ್ ಕ್ಯಾರೊಲಿನಾದ ಸರ್ಕಾರಿ ಶಾಲೆಗಳಲ್ಲೂ ಎಂಟು ಸೆಮಿಸ್ಟರ್‌ ದಾಟಿದ ಮೇಲೆ ಆಡುವಂತಿಲ್ಲ ಅನ್ನುವ ಮಿತಿ ಇದೆ. ಅದಕ್ಕೇ ಇವರು ಪ್ರೆಪ್ ಸ್ಕೂಲ್ ಅನ್ನೋದು. ಒಳ್ಳೆಯ ಬೋರ್ಡಿಂಗ್ ಶಾಲೆಯ ವರ್ಷದ ಖರ್ಚು ಕಾಲೇಜಿನ ಖರ್ಚಿಗೆ ಹತ್ತಿರ ಬರುತ್ತದೆ. ಆಟಕ್ಕೆಂದೇ ತೆರೆದ ಕೆಲವು ಶಾಲೆಗಳ ಪಾಠವನ್ನು ಎನ್‌ಸಿಎಎ ಒಪ್ಪೋದೇ ಇಲ್ಲ. ದೇಹ ತಡವಾಗಿ ಬೆಳೆಯುವ ಹುಡುಗನಿಗೆ ಒಂದು ವರ್ಷ ಹೆಚ್ಚು ಸಿಕ್ಕರೆ ಉಪಯೋಗ ಇದೆ, ನಿಜ. ಆ ದಾರಿ ಹನ್ನೆರಡನೇ ಗ್ರೇಡ್ ಮುಗಿದ ಮೇಲೂ ತೆರೆದಿರುತ್ತದೆ, ಪೋಸ್ಟ್ ಗ್ರಾಜುಯೇಟ್ ವರ್ಷ ಅಂತ. ಆಗ ಯೋಚಿಸಿದರಾಯಿತು.

ಈಗ ನಿಮ್ಮ ಮನೆಯವರ ಭಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಅಂಕಿ 3.8. ಡಿವಿಷನ್ 1 ಕೇಳೋದು ಕೋರ್ ವಿಷಯಗಳಲ್ಲಿ 2.3, ಡಿವಿಷನ್ 2 ಕೇಳೋದು 2.2. ಕಾಲೇಜು ಪ್ರವೇಶ ಪರೀಕ್ಷೆ ಎಸ್‌ಎಟಿಯ ಅಂಕ ಬೇಕೆನ್ನುವ ನಿಯಮವನ್ನು ಎನ್‌ಸಿಎಎ 2023ರಲ್ಲೇ ತೆಗೆದುಹಾಕಿತು. ಕನಿಷ್ಠ ಅರ್ಹತೆ ಮುಟ್ಟಿದ ಗಾರ್ಡ್‌ಗಳು ದೇಶದ ತುಂಬ ಇದ್ದಾರೆ. ಓದಿನಲ್ಲೂ ಗಟ್ಟಿ ಇರುವ ಗಾರ್ಡ್‌ಗಳು ಕಡಿಮೆ, ಮತ್ತು ಕೆಲವು ಕೋಚ್‌ಗಳಿಗೆ ಅಂಥವರೇ ಬೇಕು. ಅವರ ಕಾಲೇಜಿನ ಅಡ್ಮಿಷನ್ ಆಫೀಸ್ ಬೇರೆಯವರನ್ನು ಒಳಗೆ ಬಿಡೋದಿಲ್ಲ.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್‌ನ ಎಂಟು ಕಾಲೇಜುಗಳೂ ಡಿವಿಷನ್ 1. ಆಟಕ್ಕೆ ಅಂತ ಸ್ಕಾಲರ್‌ಶಿಪ್ ಕೊಡೋದಿಲ್ಲ, ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಪಾಲೊ ಆಲ್ಟೊದ ಜೆರೆಮಿ ಲಿನ್ 2006ರಲ್ಲಿ ತನ್ನ ಹೈಸ್ಕೂಲಿಗೆ ಕ್ಯಾಲಿಫೋರ್ನಿಯಾ ಪ್ರಶಸ್ತಿ ತಂದರೂ ಡಿವಿಷನ್ 1 ಸ್ಕಾಲರ್‌ಶಿಪ್ ಒಂದೂ ಸಿಗಲಿಲ್ಲ. ಹಾರ್ವರ್ಡ್‌ಗೆ ಆಡಿ ಎನ್‌ಬಿಎಗೆ ಹೋದ. ಅದಕ್ಕೂ ಕೆಳಗೆ ಡಿವಿಷನ್ 3. ಈ ಹೆಸರು ಕೇಳಿದರೆ ನಮ್ಮವರು ಮೂರನೇ ದರ್ಜೆ ಅಂದುಕೊಂಡು ಮೂಗು ಮುರಿಯುತ್ತಾರೆ. ಎಂಐಟಿ ಡಿವಿಷನ್ 3. ಶಿಕಾಗೋ ಯೂನಿವರ್ಸಿಟಿ, ಕಾರ್ನೆಗಿ ಮೆಲನ್, ಎಮರಿ, ಎನ್‌ವೈಯು ಎಲ್ಲವೂ ಡಿವಿಷನ್ 3. ಆಮ್ಹರ್ಸ್ಟ್, ವಿಲಿಯಮ್ಸ್, ಬೌಡನ್ ಕೂಡ. ಇಲ್ಲಿಯೂ ಆಟದ ಸ್ಕಾಲರ್‌ಶಿಪ್ ಇಲ್ಲ. ಸಿಗೋದು ಕೋಚ್‌ನ ಬೆಂಬಲ. ಆತ ಮಾರ್ಕ್ಸ್ ಕಾರ್ಡನ್ನು ಅಡ್ಮಿಷನ್‌ನವರಿಗೆ ಮೊದಲೇ ತೋರಿಸಿ, ಈ ಹುಡುಗನಿಗೆ ಅವಕಾಶ ಇದೆಯಾ ಅಂತ ಕೇಳುತ್ತಾನೆ. ಆ ಮಾತಿನ ತೂಕ ಕಾಲೇಜಿನಿಂದ ಕಾಲೇಜಿಗೆ ಬೇರೆ. ಎಂಐಟಿಯಲ್ಲಿ ಕಡಿಮೆ, ಕೆಲವು ಸಣ್ಣ ಕಾಲೇಜುಗಳಲ್ಲಿ ಜಾಸ್ತಿ. ಕ್ಯಾರಿ ಸುತ್ತಮುತ್ತ ಸಾಫ್ಟ್‌ವೇರ್ ಮನೆಗಳ ಎಷ್ಟೋ ಮಕ್ಕಳು ಇದೇ ಕಾಲೇಜುಗಳಿಗೆ ಬರೀ ಮಾರ್ಕ್ಸ್ ಹಿಡಿದುಕೊಂಡು ಅರ್ಜಿ ಹಾಕುತ್ತಾರೆ. ನಿಮ್ಮ ಮಗನ ಕೈಯಲ್ಲಿ ಇನ್ನೊಂದು ವಸ್ತು ಇದೆ. ನನ್ನನ್ನು ಕೇಳಿದರೆ ಅವನ ಆಟದ ಅತಿ ದೊಡ್ಡ ಬೆಲೆ ಇರೋದು ಇಲ್ಲೇ.

ಖರ್ಚಿನ ಕಡೆಯೂ ನೋಡಬೇಕು. ಈ ಖಾಸಗಿ ಕಾಲೇಜುಗಳಲ್ಲಿ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು ಆಗುತ್ತದೆ. ಎಚ್-4 ಮಕ್ಕಳಿಗೆ ಫೆಡರಲ್ ಸರ್ಕಾರದ ನೆರವು ಇಲ್ಲ, ಹೆಚ್ಚಿನ ಕಾಲೇಜುಗಳು ಅವರನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿಗೆ ಸೇರಿಸುತ್ತವೆ. ವಿದೇಶಿಯರಿಗೂ ಹಣದ ಕಾರಣಕ್ಕೆ ಸೀಟು ನಿರಾಕರಿಸದೆ, ಅಗತ್ಯವಿದ್ದಷ್ಟೂ ನೆರವು ಕೊಡುವವು ಬೆರಳೆಣಿಕೆಯಷ್ಟು: ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್, ಎಂಐಟಿ, ಡಾರ್ಟ್‌ಮತ್, ಆಮ್ಹರ್ಸ್ಟ್, ಬೌಡನ್ ಹೀಗೆ. ನಿಮ್ಮಿಬ್ಬರಿಗೂ ಸಂಬಳ ಇದ್ದರೆ ಅಲ್ಲೂ ನೆರವು ಕಡಿಮೆಯಾಗಬಹುದು. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ಲೆಕ್ಕ ಹಾಕುವ ಸಾಧನ ಇದೆ, ಈಗಲೇ ಹಾಕಿ ನೋಡಿ. ಹುಡುಗ ಆಸೆ ಕಟ್ಟಿಕೊಂಡ ಮೇಲೆ ಹಾಕಬೇಡಿ. ಡಿವಿಷನ್ 2ರಲ್ಲಿ ಸ್ಕಾಲರ್‌ಶಿಪ್ ಇದೆ, ಆದರೆ ತಂಡಕ್ಕೆ 10, ಅದನ್ನು ಒಡೆದು ಹಂಚುತ್ತಾರೆ. ಅರ್ಧ, ಕಾಲು ಸಿಗಬಹುದು. ನಿಮ್ಮ ರಾಜ್ಯದಲ್ಲೇ ಇರುವ ಕಟಾಬಾ, ವಿಂಗೇಟ್, ಲೆನೊಯರ್-ರೈನ್ ಈ ಮಟ್ಟದವು.

ಆಟದ ಸ್ಕಾಲರ್‌ಶಿಪ್ ಪಡೆಯಲು ಎಚ್-4 ಅಡ್ಡಿಯಾಗೋದಿಲ್ಲ. ತೊಡಕು ಬೇರೆ ಕಡೆ ಇದೆ. 21 ತುಂಬಿದರೆ ಎಚ್-4 ಮುಗಿಯುತ್ತದೆ, ಓದಿನ ಮಧ್ಯೆ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. 2021ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ದುಡಿಯಬಹುದು ಅಂತಾಗಿದೆ, ಈಗ ಕಾಲೇಜೇ ಹಣ ಹಂಚುತ್ತಿದೆ. ಆ ಹಣ ವೀಸಾ ಕಣ್ಣಿನಲ್ಲಿ ದುಡಿಮೆ ಅನಿಸಿಕೊಂಡರೆ ವೀಸಾಗೇ ಕುತ್ತು. ಊರಿನ ಅಂಗಡಿಯ ಜಾಹೀರಾತಿಗೆ 200 ಡಾಲರ್ ಅಂದರೂ ವಲಸೆ ವಕೀಲರನ್ನು ಕೇಳದೆ ಮುಟ್ಟಬೇಡಿ. ತಂಡದ ಬೇರೆ ಹುಡುಗರು ತಗೊಂಡರು ಅನ್ನೋದು ಇಲ್ಲಿ ನಡೆಯೋದಿಲ್ಲ.

ಜೂನ್ 15ರ ಬೆಳಿಗ್ಗೆ ಫೋನ್ ಹಿಡಿದು ಕೂರಬೇಡಿ. ಆವತ್ತು ರಿಂಗ್ ಆಗೋದು ದೇಶಕ್ಕೇ ಗೊತ್ತಿರುವ ಹುಡುಗರ ಫೋನು. ಆ ಬೇಸಿಗೆ ಪೂರ್ತಿ ಯಾರೂ ಕರೆಯದಿದ್ದರೆ ದೊಡ್ಡ ಮಟ್ಟದ ಡಿವಿಷನ್ 1 ಬಹುಶಃ ಇಲ್ಲ ಅಂತ ಅರ್ಥ ಮಾಡಿಕೊಳ್ಳಿ. ಸಣ್ಣ ಡಿವಿಷನ್ 1, ಡಿವಿಷನ್ 2, 3ರ ಕೋಚ್‌ಗಳು ಹನ್ನೆರಡನೇ ಗ್ರೇಡಿನ ವಸಂತದ ತನಕ ಹುಡುಕುತ್ತಲೇ ಇರುತ್ತಾರೆ. ನಿಜವಾದ ಆಸಕ್ತಿ ಇದ್ದರೆ ಹೇಗೆ ತಿಳಿಯುತ್ತದೆ ಅಂದರೆ, ಕೋಚ್ ಸ್ವತಃ ಕರೆಯುತ್ತಾನೆ, ಪಂದ್ಯಕ್ಕೆ ಬರುತ್ತಾನೆ, ಮಾರ್ಕ್ಸ್ ಕಾರ್ಡ್ ಕೇಳುತ್ತಾನೆ. ಆಗ ಮಗನೇ ಕೇಳಬೇಕಾದ ಪ್ರಶ್ನೆ: "ನನ್ನ ಜೊತೆ ಹೈಸ್ಕೂಲ್ ಮುಗಿಸುವವರಲ್ಲಿ ಎಷ್ಟು ಗಾರ್ಡ್‌ಗಳನ್ನು ನೋಡುತ್ತಿದ್ದೀರಿ, ಆ ಪಟ್ಟಿಯಲ್ಲಿ ನಾನು ಎಷ್ಟನೆಯವನು?" ಒಳ್ಳೆಯ ಕೋಚ್ ನೇರವಾಗಿ ಹೇಳುತ್ತಾನೆ. ಬಾಯಿಮಾತಿನ ಆಫರ್‌ಗೂ ಬಾಯಿಮಾತಿನ ಒಪ್ಪಿಗೆಗೂ ಬೆಲೆ ಇಲ್ಲ, ಎರಡೂ ಕಡೆಯವರು ಮಾತು ಬದಲಿಸಬಹುದು. ಈ ಕಾಲೇಜಿಗೇ ಸೇರುತ್ತೇನೆ ಅಂತ ಆಟಗಾರ ಸಹಿ ಹಾಕುತ್ತಿದ್ದ ಹಳೆಯ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಅನ್ನು 2024ರಲ್ಲಿ ನಿಲ್ಲಿಸಿದರು. ಈಗ ನೋಡಬೇಕಾದದ್ದು ಕಾಲೇಜು ಕೊಡುವ ನೆರವಿನ ಕರಾರು ಪತ್ರ. ಎಷ್ಟು ವರ್ಷಕ್ಕೆ, ಗಾಯವಾದರೆ ಏನು, ಕೋಚ್ ಬದಲಾದರೆ ಏನು, ಓದಿ ಸಹಿ ಹಾಕಿ.

ಓದಿಗೆ ಸಮಯ ಸಿಗುತ್ತದಾ ಅಂತ ಮನೆಯವರು ಕೇಳಿದರೆ, ಸೀಸನ್ನಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವಂತಿಲ್ಲ ಅನ್ನುವ ನಿಯಮ ಡಿವಿಷನ್ 1ರಲ್ಲಿದೆ. ಪ್ರಯಾಣ ಆ ಲೆಕ್ಕಕ್ಕೆ ಸೇರೋದಿಲ್ಲ. ಮಧ್ಯಾಹ್ನದ ಲ್ಯಾಬ್ ಮತ್ತು ಅಭ್ಯಾಸ ಒಂದೇ ಹೊತ್ತಿಗೆ ಬರುತ್ತವೆ, ಎಂಜಿನಿಯರಿಂಗ್ ಹುಡುಗರಿಗೆ ಕಷ್ಟವಾಗೋದು ಅಲ್ಲೇ. ಇದನ್ನು ಕೋಚ್‌ನ ಬಾಯಿಂದ ಕೇಳುವ ಅಗತ್ಯ ಇಲ್ಲ. ಹೆಚ್ಚಿನ ತಂಡಗಳ ವೆಬ್‌ಸೈಟಿನಲ್ಲಿ ಆಟಗಾರರ ಹೆಸರಿನ ಜೊತೆ ಅವರು ಓದುತ್ತಿರುವ ವಿಷಯ ಇರುತ್ತದೆ. ಮಗ ಕಂಪ್ಯೂಟರ್ ಸೈನ್ಸ್ ಓದಬೇಕು ಅಂತಿದ್ದರೆ, ತಂಡದಲ್ಲಿ ಅದನ್ನು ಓದುತ್ತಿರುವವರು ಒಬ್ಬರಾದರೂ ಇದ್ದಾರಾ ನೋಡಿ. ಹಳೆಯ ವರ್ಷಗಳ ಪಟ್ಟಿಯೂ ಅಲ್ಲೇ ಸಿಗುತ್ತದೆ. ಮೊದಲ ವರ್ಷ ಎಂಜಿನಿಯರಿಂಗ್ ಅಂತ ಬರೆದಿದ್ದವನು ಮೂರನೇ ವರ್ಷಕ್ಕೆ ಬೇರೆ ವಿಷಯಕ್ಕೆ ಬದಲಾಗಿದ್ದರೆ, ಭೇಟಿಗೆ ಹೋದಾಗ ಅವನನ್ನೇ ಹುಡುಕಿ ಮಾತಾಡಿಸಲಿ.